ರೆಸ್ಟಿಕ್ ಬ್ಯಾಕಪ್‌ನಿಂದ ಯಕ್ಷಗಾನ ಆಟದ ಧ್ವನಿಮುದ್ರಣ ಹೊರತೆಗೆಯುವುದು, ಸರಿಯಿದೆಯೇ ಎಂದು ನೋಡುವುದು

ಅಣ್ಣಾ, ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಿಡಿಲಿಗೆ ವಿಂಡೋಸ್ ಡೆಸ್ಕ್‌ಟಾಪ್ ಹೋಗಿದೆ. ಕಪಾಟಿನಲ್ಲಿದ್ದ ಯುಎಸ್‌ಬಿ ಡಿಸ್ಕ್ ಉಳಿದಿದೆ, ಅದರಲ್ಲಿ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶದಿಂದ ಬ್ಯಾಕಪ್ ಮಾಡಿಟ್ಟ ಸುಮಾರು 400 ಜಿಬಿ ಯಕ್ಷಗಾನದ ಆಟ, ತಾಳಮದ್ದಳೆಯ ಧ್ವನಿಮುದ್ರಣ ಇವೆ. ಮಗನ ಉಬುಂಟು ಲ್ಯಾಪ್‌ಟಾಪ್‌ಗೆ ಹಾಕಿ ರೆಸ್ಟಿಕ್‌ನ ‘ಚೆಕ್’ ಆದೇಶ ಕೊಟ್ಟರೆ ದೋಷವೇನೂ ಇಲ್ಲ ಅನ್ನುತ್ತದೆ. ಆದರೆ ‘ಮೋಹಿನಿ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಬ್ಯಾಕಪ್‌ನಿಂದ ವಾಪಸ್ ತರುವ ರಿಸ್ಟೋರ್ ಕೊಟ್ಟಾಗ ಆರು ಫೈಲ್ ಬರಲೇ ಇಲ್ಲ.

ಆ ಆರೂ ಡಿಸ್ಕ್‌ನಲ್ಲಿ ಇರುವ ಸಂಭವವೇ ಹೆಚ್ಚು. ಅಡ್ಡ ಬಂದಿರುವುದು ಅವುಗಳ ಕನ್ನಡ ಹೆಸರು ಇರಬೇಕು, ಅದಕ್ಕೆ ಕೆಳಗೆ ಬರುತ್ತೇನೆ. ಆದರೆ ನೀವು ಕೊಟ್ಟ ‘ಚೆಕ್’ ನಂಬಿ ನಿಶ್ಚಿಂತೆಯಾಗಿ ಕೂರಬೇಡಿ, ಅದು ಧ್ವನಿಯ ಒಂದು ಬೈಟನ್ನೂ ಓದಿ ನೋಡಿಲ್ಲ.

ಎಲ್ಲಕ್ಕಿಂತ ಮೊದಲು ಈ ಡಿಸ್ಕ್‌ನ ನಕಲು ಮಾಡಿ. ಸದ್ಯಕ್ಕೆ ಇರುವುದು ಇದೊಂದೇ ಪ್ರತಿ. ಕೆರೆಮನೆ ಶಂಭು ಹೆಗಡೆಯವರ ಆಟ ಇದೆ, ಚಿಟ್ಟಾಣಿಯವರದ್ದೂ ಇದೆ ಎಂದಿದ್ದೀರಿ. ಒಬ್ಬರು 2009ರಲ್ಲಿ ಹೋದರು, ಇನ್ನೊಬ್ಬರು 2017ರಲ್ಲಿ. ಮತ್ತೆ ಮುದ್ರಿಸಿಕೊಳ್ಳೋಣ ಎನ್ನುವ ಹಾಗಿಲ್ಲ. ರೆಸ್ಟಿಕ್‌ನ ರೆಪೊಸಿಟರಿ ಎಂದರೆ ಸಾಮಾನ್ಯ ಫೈಲ್‌ಗಳು ತುಂಬಿದ ಒಂದು ಫೋಲ್ಡರ್, ಅಷ್ಟೇ. ಆ ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ‘ಆರ್‌ಸಿಂಕ್ -ಎ’ ಕೊಟ್ಟು ಇಳಿಸಿಕೊಂಡು, ಮುಂದಿನ ಕೆಲಸವನ್ನೆಲ್ಲ ನಕಲಿನ ಮೇಲೇ ಮಾಡಿ. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಅಥವಾ ನಡುವೆ ನಿಂತು ನಿಂತು ಓದುತ್ತಿದ್ದರೆ ಆರ್‌ಸಿಂಕ್ ಬೇಡ. ತಕ್ಷಣ ಕಳಚಿ, ‘ಡಿಡಿರೆಸ್ಕ್ಯೂ’ ಬಳಸಿ ಇಡೀ ಡಿಸ್ಕ್‌ನ ಪ್ರತಿ ತೆಗೆಯಿರಿ. ಮಳೆಗಾಲದಲ್ಲಿ ಇದನ್ನೆಲ್ಲ ಲ್ಯಾಪ್‌ಟಾಪ್‌ನ ಬ್ಯಾಟರಿ ತುಂಬಿರುವಾಗಲೇ ಶುರು ಮಾಡಿ. ಗುಡುಗು ಕೇಳಿದರೆ ಚಾರ್ಜರ್ ಗೋಡೆಯಿಂದ ಕಿತ್ತಿಡಿ.

ಇನ್ನು ರೆಸ್ಟಿಕ್‌ನ ಆವೃತ್ತಿ. ‘ರೆಸ್ಟಿಕ್ ವರ್ಶನ್’ ಕೊಟ್ಟು ನೋಡಿ. (ಆದೇಶಗಳನ್ನು ಓದಲು ಅನುಕೂಲವಾಗಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಸಣ್ಣ ಇಂಗ್ಲಿಷ್ ಅಕ್ಷರ.) ಉಬುಂಟು 22.04ರ ಜೊತೆ ಬರುವುದು 0.12. ಮಾಹಿತಿಯನ್ನು ಒತ್ತಿ ಚಿಕ್ಕದಾಗಿಸಿ (ಕಂಪ್ರೆಸ್ ಮಾಡಿ) ಇಡುವ ಹೊಸ ರೆಪೊಸಿಟರಿ ಮಾದರಿ ಬಂದದ್ದು 0.14ರಲ್ಲಿ, ಹಾಗಾಗಿ ಹಳೆಯದು ಅದನ್ನು ತೆರೆಯುವುದೇ ಇಲ್ಲ. ನಿಮ್ಮದು ತೆರೆದುಕೊಂಡಿದೆ, ಆದರೂ 0.17 ಅಥವಾ ಅದಕ್ಕಿಂತ ಹೊಸದನ್ನು ಗಿಟ್‌ಹಬ್‌ನಿಂದ ಇಳಿಸಿಕೊಳ್ಳಿ. ಒಂದೇ ಫೈಲ್, ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ರಿಸ್ಟೋರ್‌ನಲ್ಲಿ ಬರೆಯದೇ ಬರೀ ತೋರಿಸುವ ‘--ಡ್ರೈ-ರನ್’ ಸಿಗುವುದು 0.17ರಿಂದ.

ಈಗ ‘ರೆಸ್ಟಿಕ್ ಸ್ನ್ಯಾಪ್‌ಶಾಟ್ಸ್’. ಸ್ನ್ಯಾಪ್‌ಶಾಟ್ ಎಂದರೆ ಒಂದು ಸಲ ಬ್ಯಾಕಪ್ ಓಡಿದಾಗ ಫೈಲ್‌ಗಳು ಇದ್ದ ಸ್ಥಿತಿ. ಪ್ರತಿ ಸಾಲಿನಲ್ಲೂ ಎಂಟು ಅಕ್ಷರದ ಗುರುತು, ದಿನಾಂಕ, ಯಂತ್ರದ ಹೆಸರು, ಫೋಲ್ಡರ್ ಬರುತ್ತದೆ. ಗುರುತಿನ ಜಾಗದಲ್ಲಿ ಎಲ್ಲರೂ ‘ಲೇಟೆಸ್ಟ್’ ಎಂದು ಬರೆದುಬಿಡುತ್ತಾರೆ, ಎಡವುವುದು ಅಲ್ಲೇ. ಡೆಸ್ಕ್‌ಟಾಪ್ ಕೆಡುವ ಮುಂಚೆ ಯಾವುದೋ ಫೋಲ್ಡರ್ ಖಾಲಿಯಾಗಿದ್ದು, ಅದಾದ ಮೇಲೆ ಬ್ಯಾಕಪ್ ಓಡಿದ್ದರೆ ಲೇಟೆಸ್ಟ್‌ನಲ್ಲಿ ಆ ಫೈಲ್‌ಗಳು ಇರುವುದಿಲ್ಲ, ಹಿಂದಿನ ವಾರದ್ದರಲ್ಲಿ ಇರುತ್ತವೆ. ಎರಡು ಸ್ನ್ಯಾಪ್‌ಶಾಟ್‌ಗಳ ಗುರುತು ಕೊಟ್ಟು ‘ರೆಸ್ಟಿಕ್ ಡಿಫ್’ ಓಡಿಸಿ. ಮೈನಸ್ ಚಿಹ್ನೆಯ ಸಾಲುಗಳೇ ನಡುವೆ ಕಾಣೆಯಾದವು.

‘ರೆಸ್ಟಿಕ್ ಎಲ್‌ಎಸ್ -ಎಲ್’, ಅದರ ಮುಂದೆ ಸ್ನ್ಯಾಪ್‌ಶಾಟ್‌ನ ಗುರುತು ಕೊಟ್ಟು ಗಾತ್ರವನ್ನೂ ಕಣ್ಣಾಡಿಸಿ. 128 ಕೆಬಿಪಿಎಸ್ ಎಂಪಿ3 ಗಂಟೆಗೆ ಸುಮಾರು 57 ಎಂಬಿ, ಎಂಟು ಗಂಟೆಯ ಆಟ ಎಂದರೆ 460 ಎಂಬಿ ಹತ್ತಿರ. ಇಡೀ ರಾತ್ರಿಯ ಆಟ ಎಂದು ಹೆಸರಿದ್ದು ಗಾತ್ರ 3 ಎಂಬಿ ತೋರಿಸಿದರೆ, ಅದು ಬ್ಯಾಕಪ್‌ಗೆ ಹೋಗುವ ಮುಂಚೆಯೇ ತುಂಡಾಗಿತ್ತು. ರೆಸ್ಟಿಕ್ ಅದನ್ನು ಸರಿ ಮಾಡಲಾರದು, ತುಂಡನ್ನೇ ಜೋಪಾನ ಮಾಡಿರುತ್ತದೆ.

ಇನ್ನು ಮೋಹಿನಿ ಯಾಕೆ ಸಿಗಲಿಲ್ಲ? ‘ಮೋ’ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಬೈಟ್‌ಗಳು ಬೇರೆ. ಹಳೆಯ ಮ್ಯಾಕ್‌ನಿಂದ ಯಾರಾದರೂ ನಕಲು ಮಾಡಿಕೊಟ್ಟ ಫೈಲ್‌ಗಳ ಹೆಸರು ಹೀಗೆ ತುಂಡಾಗಿ ಬಂದಿರುತ್ತದೆ. ರೆಸ್ಟಿಕ್ ಹುಡುಕುವುದು ಬೈಟ್ ನೋಡಿ. ಅದಕ್ಕೆ ಒಡೆಯದ ಅಕ್ಷರಗಳನ್ನಷ್ಟೇ ಕೊಡಿ: ‘ರೆಸ್ಟಿಕ್ ಫೈಂಡ್ "*ಹಿನಿ*"’. ‘ಹಿ’, ‘ನಿ’ ಎರಡಕ್ಕೂ ಇರುವುದು ಒಂದೇ ರೂಪ, ಮೋಹಿನಿ ಹೇಗೆ ಬರೆದಿದ್ದರೂ ಸಿಗುತ್ತಾಳೆ. ‘ಕೀಚಕ’ಕ್ಕೂ ಇದೇ ತೊಂದರೆ, ‘*ಚಕ*’ ಎಂದು ಹುಡುಕಿ. ನಕ್ಷತ್ರಚಿಹ್ನೆಯನ್ನು ಉದ್ಧರಣ ಚಿಹ್ನೆಯ ಒಳಗೇ ಇಡಬೇಕು, ಇಲ್ಲದಿದ್ದರೆ ಟರ್ಮಿನಲ್ ಅದನ್ನು ತಾನೇ ಬಿಡಿಸಿಕೊಳ್ಳಲು ಹೋಗುತ್ತದೆ. ಫೈಂಡ್ ಎಲ್ಲ ಸ್ನ್ಯಾಪ್‌ಶಾಟ್‌ಗಳನ್ನೂ ಜಾಲಾಡುತ್ತದೆ, ಯಾವುದರಲ್ಲಿ ಸಿಕ್ಕಿತು ಎಂದು ಗುರುತನ್ನೂ ಹೇಳುತ್ತದೆ.

ಬರದೇ ಉಳಿದ ಆರು ಫೈಲ್‌ಗಳ ಎದುರು ‘ಫೈಲ್ ನೇಮ್ ಟೂ ಲಾಂಗ್’ ಎಂದು ಬಂದಿತ್ತೇ ನೋಡಿ. ವಿಂಡೋಸ್‌ನಲ್ಲಿ ಹೆಸರಿಗೆ 255 ಸಂಕೇತಗಳ ಮಿತಿ. ಲಿನಕ್ಸ್‌ನಲ್ಲಿ 255 ಬೈಟ್‌ಗಳ ಮಿತಿ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಯಕ್ಷಗಾನ’ ಎಂಬಷ್ಟಕ್ಕೇ ಏಳು ಸಂಕೇತ, 21 ಬೈಟ್. ಅಂದರೆ 85 ಸಂಕೇತ ದಾಟಿದರೆ ಮುಗಿಯಿತು. ಪ್ರಸಂಗ, ಊರು, ತಾರೀಕು, ಭಾಗವತರು, ಮುಮ್ಮೇಳದವರು ಎಲ್ಲರನ್ನೂ ಹೆಸರಲ್ಲೇ ತುಂಬುವ ನಮ್ಮ ರೂಢಿಗೆ 85 ಎಲ್ಲಿ ಸಾಕು? ಇಂಥವಕ್ಕೆ ರಿಸ್ಟೋರ್ ಬಿಟ್ಟು ‘ಡಂಪ್’ ಬಳಸಿ: ‘ರೆಸ್ಟಿಕ್ ಡಂಪ್’, ಸ್ನ್ಯಾಪ್‌ಶಾಟ್‌ನ ಗುರುತು, ಉದ್ಧರಣದೊಳಗೆ ಫೈಲ್‌ನ ಪೂರ್ತಿ ದಾರಿ, ಆಮೇಲೆ ‘>’ ಹಾಕಿ ನಿಮಗೆ ಬೇಕಾದ ಗಿಡ್ಡ ಹೆಸರು. ಪೂರ್ತಿ ದಾರಿಯನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಎಲ್‌ಎಸ್ ತೋರಿಸಿದ್ದನ್ನು ಹಾಗೇ ಕಾಪಿ ಮಾಡಿ. ವಿಂಡೋಸ್‌ನ ಸಿ ಡ್ರೈವ್ ರೆಪೊಸಿಟರಿಯೊಳಗೆ ‘/ಸಿ/’ ಆಗಿರುತ್ತದೆ, ಸಿ ದೊಡ್ಡಕ್ಷರ. (ಮುಂದೆ ವಿಂಡೋಸ್‌ನಲ್ಲಿ ಇದನ್ನೇ ಮಾಡುವುದಿದ್ದರೆ ಹಳೆಯ ಪವರ್‌ಶೆಲ್‌ನಲ್ಲಿ ‘>’ ಬೇಡ, ಅದು ಧ್ವನಿ ಫೈಲನ್ನು ಪಠ್ಯ ಎಂದುಕೊಂಡು ಕೆಡಿಸುತ್ತದೆ.) ಉಳಿದ ಫೈಲ್‌ಗಳ ಎದುರು ‘ಫೈಲ್ ಟೂ ಲಾರ್ಜ್’ ಬಂದಿದ್ದರೆ ಅದು ಪೆನ್‌ಡ್ರೈವ್‌ನ ಮಿತಿ. ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮೀರಿದ ವೀಡಿಯೊ ಹಿಡಿಯುವುದಿಲ್ಲ.

ಇಡೀ ಫೋಲ್ಡರ್ ಬೇಕಾದಾಗ: ‘ರೆಸ್ಟಿಕ್ ರಿಸ್ಟೋರ್ ಗುರುತು:/ಸಿ/ಆಟಗಳು --ಟಾರ್ಗೆಟ್ /ಹೋಮ್/ಮಗ/ವಾಪಸ್ --ವೆರಿಫೈ’. ಫೋಲ್ಡರ್ ಹೆಸರುಗಳು ನಿಮ್ಮಲ್ಲಿ ಇದ್ದ ಹಾಗೆ. ಟಾರ್ಗೆಟ್ ಯಾವಾಗಲೂ ಖಾಲಿ ಫೋಲ್ಡರ್ ಆಗಿರಲಿ. ‘/’ ಎಂದು ಮೂಲ ಜಾಗಕ್ಕೇ ಕೊಟ್ಟರೆ ಅಲ್ಲಿರುವ ಒಳ್ಳೆಯ ಪ್ರತಿಯ ಮೇಲೇ ಹಳೆಯದು ಕೂರಬಹುದು. ‘--ವೆರಿಫೈ’ ಇದ್ದರೆ ಬರೆದ ಫೈಲ್‌ಗಳನ್ನು ಮತ್ತೆ ಓದಿ, ರೆಪೊಸಿಟರಿಯಲ್ಲಿ ಇದ್ದದ್ದೇ ಇಳಿದಿದೆಯೇ ಎಂದು ತಾಳೆ ನೋಡುತ್ತದೆ.

ಚೆಕ್‌ನ ವಿಷಯಕ್ಕೆ ಬರೋಣ. ಬರೀ ‘ರೆಸ್ಟಿಕ್ ಚೆಕ್’ ನೋಡುವುದು ಸೂಚಿ, ಸ್ನ್ಯಾಪ್‌ಶಾಟ್, ಫೋಲ್ಡರ್‌ಗಳ ಕೊಂಡಿ ಕೂಡುತ್ತವೆಯೇ ಎಂದಷ್ಟೇ. ಒಳಗಿನ ಮಾಹಿತಿ ಓದಿಸಬೇಕಾದರೆ ‘ರೆಸ್ಟಿಕ್ ಚೆಕ್ --ರೀಡ್-ಡೇಟಾ’. 400 ಜಿಬಿಗೆ ಸೆಕೆಂಡಿಗೆ 100 ಎಂಬಿ ಓದುವ ಡಿಸ್ಕ್‌ನಲ್ಲಿ ಒಂದು ಗಂಟೆ ಮೇಲೆ, 30 ಎಂಬಿಯ ಹಳೆಯ ಯುಎಸ್‌ಬಿ2ನಲ್ಲಿ ಮೂರೂಮುಕ್ಕಾಲು ಗಂಟೆ. ಕರೆಂಟ್ ನೆಚ್ಚುವ ಹಾಗಿಲ್ಲದಿದ್ದರೆ ‘--ರೀಡ್-ಡೇಟಾ-ಸಬ್‌ಸೆಟ್=1/8’, ನಾಳೆ 2/8, ಹೀಗೆ ಎಂಟು ದಿನದಲ್ಲಿ ಎಲ್ಲವೂ ಮುಗಿಯುತ್ತದೆ, ಯಾವುದೂ ಬಿಟ್ಟುಹೋಗುವುದಿಲ್ಲ. ‘10%’ ಎಂದು ಕೊಟ್ಟರೆ ಪ್ರತಿ ಸಲ ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಆರಿಸುತ್ತದೆ, ಕೆಲವು ಭಾಗ ಎಂದೂ ಓದದೆ ಉಳಿಯಬಹುದು.

ರೆಸ್ಟಿಕ್ ಇಲ್ಲದೆಯೂ, ಪಾಸ್‌ವರ್ಡ್ ಇಲ್ಲದೆಯೂ ಒಂದು ಫೈಲನ್ನು ಪರೀಕ್ಷಿಸಬಹುದು. ರೆಪೊಸಿಟರಿಯ ‘ಡೇಟಾ’ ಫೋಲ್ಡರ್ ತೆರೆಯಿರಿ, ಒಳಗೆ ಎರಡೆರಡು ಅಕ್ಷರದ 256 ಫೋಲ್ಡರ್‌ಗಳು, ಒಂದೊಂದರಲ್ಲೂ 64 ಅಕ್ಷರದ ಉದ್ದ ಹೆಸರಿನ ಫೈಲ್‌ಗಳು. ಆ ಹೆಸರೇ ಆ ಫೈಲ್‌ನ ಶಾ256 ಮೊತ್ತ, ಅಂದರೆ ಒಳಗಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚು. ಒಂದರ ಮೇಲೆ ‘ಶಾ256ಸಮ್’ ಓಡಿಸಿ. ಬಂದ ಸಾಲಿನ 64 ಅಕ್ಷರವೂ ಫೈಲ್‌ನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದೇ ಅಕ್ಷರ ಬೇರೆಯಾದರೂ ಅದು ಕೆಟ್ಟಿದೆ. ನಕಲು ಸರಿಯಾಗಿ ಇಳಿದಿದೆಯೇ ಎಂದು ನಾಲ್ಕಾರು ಫೈಲ್ ನೋಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಇಷ್ಟಾದರೂ ಹಾಡು ಹಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ವಾಪಸ್ ಬಂದ ಎಂಪಿ3ಯನ್ನು ‘ಎಫ್‌ಎಫ್‌ಎಂಪೆಗ್ -ವಿ ಎರರ್ -ಐ ಫೈಲ್ -ಎಫ್ ನಲ್ -’ ಎಂದು ಓಡಿಸಿ. ಏನೂ ಬರೆಯದೆ ಮುಗಿದರೆ ಮೊದಲಿನಿಂದ ಕೊನೆಯವರೆಗೆ ಬಿಚ್ಚಿಕೊಂಡಿದೆ ಎಂದರ್ಥ. ಫ್ಲ್ಯಾಕ್ ಮಾದರಿಯ ಧ್ವನಿ ಫೈಲ್ ಇದ್ದರೆ ‘ಫ್ಲ್ಯಾಕ್ -ಟಿ’. ಅದರೊಳಗೇ ಮೂಲ ಧ್ವನಿಯ ಮೊತ್ತ ಬರೆದಿರುವುದರಿಂದ ಅದು ಇನ್ನೂ ಗಟ್ಟಿ ಪರೀಕ್ಷೆ.

‘ಆಲ್‌ರೆಡಿ ಲಾಕ್ಡ್’ ಎಂದು ನಿಂತರೆ ಡೆಸ್ಕ್‌ಟಾಪ್ ನಡುವೆ ಸತ್ತಾಗ ಉಳಿದ ಬೀಗ ಅದು, ನಕಲಿನ ಮೇಲೆ ‘ರೆಸ್ಟಿಕ್ ಅನ್‌ಲಾಕ್’ ಸಾಕು. ಪಾಸ್‌ವರ್ಡ್ ತಪ್ಪು ಎಂದರೆ ಕೀಬೋರ್ಡ್ ಕನ್ನಡದಲ್ಲಿದೆಯೇ ನೋಡಿ. ನಿಜವಾಗಿ ಮರೆತಿದ್ದರೆ ಮಾತ್ರ ಯಾರೂ ತೆರೆಯಲಾರರು.

ರೀಡ್-ಡೇಟಾದಲ್ಲಿ ಯಾವುದಾದರೂ ಪ್ಯಾಕ್ (‘ಡೇಟಾ’ ಫೋಲ್ಡರ್‌ನ ಆ ಉದ್ದ ಹೆಸರಿನ ಫೈಲ್) ಕೆಟ್ಟಿದೆ ಎಂದು ಬಂದರೆ ‘ರಿಪೇರ್’ ಆದೇಶಗಳಿಗೆ ತಕ್ಷಣ ಕೈಹಾಕಬೇಡಿ, ‘ರಿಪೇರ್ ಸ್ನ್ಯಾಪ್‌ಶಾಟ್ಸ್’ ಅಂತೂ ಕೆಟ್ಟ ಭಾಗವನ್ನು ಕತ್ತರಿಸಿಯೇ ಮುಂದೆ ಹೋಗುತ್ತದೆ. ಅದೇ ಫೈಲ್ ಒಂದು ಬೈಟೂ ಬದಲಾಗದೆ ಈ ಗುಂಪಿನಲ್ಲಿ ಇನ್ಯಾರ ಹತ್ತಿರವಾದರೂ ಇದ್ದರೆ ದಾರಿಯಿದೆ: ಮೊದಲು ‘ರಿಪೇರ್ ಪ್ಯಾಕ್ಸ್’, ಆಮೇಲೆ ಆ ಫೈಲನ್ನು ಇದೇ ರೆಪೊಸಿಟರಿಗೆ ಹೊಸದಾಗಿ ಬ್ಯಾಕಪ್ ಮಾಡಿದರೆ, ಹೋದ ತುಂಡು ತುಂಬಿಕೊಂಡು ಹಳೆಯ ಸ್ನ್ಯಾಪ್‌ಶಾಟ್ ಕೂಡ ಸರಿಯಾಗುತ್ತದೆ. ಹಾಗೇನಾದರೂ ಬಂದರೆ ಫೈಲ್‌ನ ಹೆಸರು, ಗಾತ್ರ, ರೆಸ್ಟಿಕ್ ಹೇಳಿದ ಸಾಲು ಮೂರನ್ನೂ ಇದ್ದ ಹಾಗೇ ಇಲ್ಲಿ ಹಾಕಿ. ಯಾರ ಹತ್ತಿರ ಇದೆ ಎಂದು ಹುಡುಕೋಣ.