ಮೂರನೇ ಪುಸ್ತಕ ಬೇಡ, ತಪ್ಪಿದ ಲೆಕ್ಕವನ್ನೇ ಓದಿ

ಓದುಗರ ಪತ್ರ: ನಮ್ಮ ಮಗಳು ಐದನೇ ತರಗತಿ. ಈ ವರ್ಷ ನವೋದಯ ಪರೀಕ್ಷೆ ಬರೆಸಬೇಕು ಅಂತಿದ್ದೇವೆ. ಒಂದರಿಂದ ಐದರವರೆಗಿನ ಗಣಿತವನ್ನು ಮತ್ತೊಮ್ಮೆ ತಿರುವಿಹಾಕಿಸೋಣ ಎಂದು ಎರಡು ಅಭ್ಯಾಸ ಪುಸ್ತಕ ಕೊಡಿಸಿದೆ. ದಿನಕ್ಕೆ 50 ಲೆಕ್ಕ ಮಾಡುತ್ತಾಳೆ. ಎರಡೂ ಮುಗಿದವು. ಆದರೂ ಮನೆಯಲ್ಲಿ ಟೆಸ್ಟ್ ಕೊಟ್ಟರೆ 25ಕ್ಕೆ 13, 14ರ ಮೇಲೆ ಹೋಗುತ್ತಿಲ್ಲ. ಮನೆಯಲ್ಲಿ ನಮ್ಮದು ತೆಲುಗು ಮಾತು, ಮನಸ್ಸಿನಲ್ಲಿ ತೆಲುಗಿನಲ್ಲೇ ಎಣಿಸುತ್ತಾಳೆ, ಅದರಿಂದ ಗೊಂದಲವೇ? ನೋಟ್‌ಬುಕ್ಕಿನ ಎರಡು ಪುಟದ ಜೆರಾಕ್ಸ್ ಇಟ್ಟಿದ್ದೇನೆ. ಮೂರನೆಯದು ಯಾವ ಪುಸ್ತಕ ತರಲಿ?
– ಒಬ್ಬ ತಾಯಿ, ಚಿಂತಾಮಣಿ ತಾಲ್ಲೂಕು

ಸಂಪಾದಕರ ಉತ್ತರ:

ಮೂರನೇ ಪುಸ್ತಕ ತರಬೇಡಿ. ನೀವು ಕಳಿಸಿರುವ ಎರಡು ಪುಟದಲ್ಲೇ ಒಂದು ತಿಂಗಳಿಗಾಗುವಷ್ಟು ಕೆಲಸ ಇದೆ. ಒಂಬತ್ತು ಕಡೆ ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿ, ಪಕ್ಕದಲ್ಲಿ ಸರಿಯುತ್ತರ ಬರೆದುಕೊಟ್ಟು, ಮುಂದಿನ ಪುಟಕ್ಕೆ ಹೋಗಿದ್ದೀರಿ. ಆ ಒಂಬತ್ತನ್ನೂ ಬಿಡಿಸಿ ನೋಡಿದರೆ ತಪ್ಪಿನ ಜಾತಿ ನಾಲ್ಕೇ. ಅವೇ ನಾಲ್ಕನ್ನು ಹುಡುಗಿ ಬೇರೆ ಬೇರೆ ಅಂಕಿಗಳಲ್ಲಿ ಮಾಡುತ್ತಾ ಹೋಗಿದ್ದಾಳೆ. ದಿನಕ್ಕೆ ಐವತ್ತು ಮಾಡಿಸಿದ್ದರಿಂದ ಬರುತ್ತಿದ್ದದ್ದು ಸಲೀಸಾಯಿತು, ತಪ್ಪು ದಾರಿಯೂ ಅಷ್ಟೇ ಸಲೀಸಾಯಿತು.

403 − 167 ನೋಡಿ. ಉತ್ತರ 236, ಅವಳು ಬರೆದದ್ದು 246. ಈ ಒಂದು ಲೆಕ್ಕಕ್ಕೆ ಮಕ್ಕಳಿಂದ ಸಾಮಾನ್ಯವಾಗಿ ಮೂರು ತಪ್ಪು ಉತ್ತರ ಬರುತ್ತವೆ, ಮೂರಕ್ಕೂ ಕಾರಣ ಬೇರೆ. 364 ಬರೆದ ಮಗು ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 7ರಲ್ಲಿ 3 ಹೋದರೆ 4, 6ರಲ್ಲಿ ಸೊನ್ನೆ ಹೋದರೆ 6. ಅದಕ್ಕೆ ದಶಕ ತೆಗೆದುಕೊಳ್ಳುವುದೇ ಗೊತ್ತಿಲ್ಲ. ಅಂಥ ಮಗುವನ್ನು 42 − 17ರಂಥ ಎರಡಂಕಿ ಲೆಕ್ಕಕ್ಕೆ ವಾಪಸ್ ಕರೆದುಕೊಂಡು ಹೋಗಿ, ಹತ್ತು ಹತ್ತು ಕಡ್ಡಿಯ ಕಟ್ಟು ಬಿಚ್ಚಿಸಬೇಕು. 336 ಬರೆದ ಮಗುವಿಗೆ ವಿಷಯ ಗೊತ್ತಿದೆ. ನೂರರ ಮನೆಯ 4 ಹೊಡೆದು 3 ಎಂದು ಬರೆದುಕೊಳ್ಳುವುದು ಮರೆತಿದೆ, ಅಷ್ಟೆ. ನಿಮ್ಮ ಮಗಳ 246 ಇವೆರಡೂ ಅಲ್ಲ. ಅವಳು 4 ಅನ್ನು 3 ಮಾಡಿದ್ದಾಳೆ, ಸೊನ್ನೆಯನ್ನು 10 ಮಾಡಿದ್ದಾಳೆ, ಬಿಡಿಯ 3 ಅನ್ನು 13 ಮಾಡಿದ್ದಾಳೆ. ಆ 13ಕ್ಕೆ ಬೇಕಾದ ಹತ್ತು ಎಲ್ಲಿಂದ ಬಂತು ಅನ್ನುವುದು ಮಾತ್ರ ಬಿಟ್ಟುಹೋಗಿದೆ. ಹತ್ತರ ಮನೆಯ 10ರಲ್ಲಿ ಒಂದು ಅತ್ತ ಹೋದ ಮೇಲೆ ಉಳಿಯುವುದು 9.

"ಸೊನ್ನೆ ಇದ್ದರೆ 9 ಬರಿ" ಎಂದು ಹೇಳಿಕೊಡಬೇಡಿ. ಇಂದಿನ ತಪ್ಪು ಹೋಗಿ ನಾಳೆ ಇನ್ನೊಂದು ಬರುತ್ತದೆ: 408 − 135ರಲ್ಲೂ 9 ಹಾಕಿ, 273 ಬರಬೇಕಾದಲ್ಲಿ 263 ಬರೆಯುತ್ತಾಳೆ. ಅಲ್ಲಿ ಬಿಡಿಮನೆ ಏನನ್ನೂ ಕೇಳಿಲ್ಲವಲ್ಲ. ಬದಲಿಗೆ 403ನ್ನು 40 ಹತ್ತು, 3 ಬಿಡಿ ಎಂದು ಓದಿಸಿ. 40 ಹತ್ತುಗಳಲ್ಲಿ ಒಂದು ಬಿಚ್ಚಿದರೆ 39 ಹತ್ತು, 13 ಬಿಡಿ. 40ರ ಮೇಲೆ ಗೀಟು ಹೊಡೆದು 39 ಎಂದು ಒಂದೇ ಸಲಕ್ಕೆ ಬರೆಯುವುದರಿಂದ ಸೊನ್ನೆಯ ಗೊಡವೆಯೇ ಇರುವುದಿಲ್ಲ. ಆಮೇಲೆ ಕೊಡಬೇಕಾದ ಲೆಕ್ಕ: 602 − 418, 500 − 236, 1000 − 637. ನಡುವೆ 408 − 135 ಮತ್ತು ಸೊನ್ನೆಯೇ ಇಲ್ಲದ 463 − 127 ಸೇರಿಸಿ. ಪ್ರತಿಸಲವೂ ನೋಡಿ ತೀರ್ಮಾನಿಸಲಿ. ಬಂದ ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿ ಮೇಲಿನದು ಬಂತೇ ಎಂದು ಅವಳೇ ತಾಳೆ ನೋಡಬೇಕು, ನೀವಲ್ಲ.

ಎರಡನೇ ಜಾತಿಯೂ ಸೊನ್ನೆಯದೇ. 2135 ÷ 7ಕ್ಕೆ 35 ಬರೆದಿದ್ದಾಳೆ, ಬರಬೇಕಾದದ್ದು 305. 21ರಲ್ಲಿ ಏಳು ಮೂರು ಸಲ ಹೋಯಿತು. 3 ಇಳಿಸಿದಳು, ಏಳು ಹೋಗಲ್ಲ, ತಕ್ಷಣ 5 ಇಳಿಸಿ 35 ಮಾಡಿಕೊಂಡಳು. ಭಾಗ ಹೋಗದಿದ್ದಾಗ ಮೇಲೆ ಸೊನ್ನೆ ಬರೆಯದೇ ಮುಂದೆ ಹೋದದ್ದೇ ತಪ್ಪು. ನಿಯಮ ಒಂದೇ: ಒಂದು ಅಂಕಿ ಕೆಳಗಿಳಿಸಿದರೆ ಮೇಲೆ ಒಂದು ಅಂಕಿ ಬರೆಯಲೇಬೇಕು. ಇದನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಭಾಗಿಸಲು ಶುರುಮಾಡುವ ಮುಂಚೆಯೇ ಭಾಗಲಬ್ಧದ ಮನೆಗಳಿಗೆ ಗೀಟು ಹಾಕಿಸುವುದು ಒಳ್ಳೆಯದು. 2135ರಲ್ಲಿ ಮೊದಲು ಭಾಗ ಹೋಗುವುದು 21ಕ್ಕೆ, ಅಂದರೆ 21 ನೂರುಗಳಿಗೆ. ಹಾಗಾಗಿ ಉತ್ತರಕ್ಕೆ ಮೂರು ಮನೆ, ಮೂರು ಗೀಟು. ಕೊನೆಗೆ ಒಂದು ಗೀಟು ಖಾಲಿ ಉಳಿದರೆ ಏನೋ ಬಿಟ್ಟಿದ್ದೇನೆಂದು ಅವಳಿಗೇ ಕಾಣುತ್ತದೆ. ಅಭ್ಯಾಸಕ್ಕೆ 824 ÷ 8, 4218 ÷ 6, 3612 ÷ 12. ಸೊನ್ನೆ ಕೊನೆಯಲ್ಲಿ ಬರುವ 650 ÷ 5 ಮರೆಯಬೇಡಿ, 13 ಎಂದು ಬರೆದು ಎದ್ದುಹೋಗುವ ಮಕ್ಕಳು ಬಹಳ.

ಗುಣಾಕಾರ ಅವಳಿಗೆ ಬರುತ್ತದೆ, 47 × 8ಕ್ಕೆ 376 ಸರಿಯಾಗಿದೆ. ಇದನ್ನು ಓದುವ ಬೇರೆ ತಂದೆತಾಯಿಗಳಿಗೆ ಮಾತ್ರ ಒಂದು ಮಾತು: ಇಲ್ಲಿ 326 ಬಂದರೆ ಕೈಯಲ್ಲಿಟ್ಟ 5 ಕೂಡಿಲ್ಲ, 726 ಬಂದರೆ ಆ 5ನ್ನು ಮೊದಲೇ 4ಕ್ಕೆ ಕೂಡಿ ಆಮೇಲೆ ಎಂಟರಿಂದ ಗುಣಿಸಿದೆ. 34 × 26ಕ್ಕೆ 884ರ ಬದಲು 272 ಬಂದರೆ ಎರಡನೇ ಸಾಲನ್ನು ಒಂದು ಮನೆ ಎಡಕ್ಕೆ ಸರಿಸಿಲ್ಲ. ಮಗ್ಗಿಯಲ್ಲಿ ಹೆಚ್ಚಿನ ಮಕ್ಕಳು ತಡವರಿಸುವುದು 6, 7, 8, 9ರ ನಡುವಿನ ಹತ್ತು ಗುಣಲಬ್ಧಗಳಲ್ಲಿ: 36, 42, 48, 54, 49, 56, 63, 64, 72, 81. "ಏಳೊಂದ್ಲ ಏಳು"ವಿನಿಂದ ಹತ್ತಿ ಬಂದರೆ ಮಾತ್ರ ಏಳೆಂಟ್ಲ ಐವತ್ತಾರು ಸಿಗುವ ಮಗುವಿಗೆ ಮಗ್ಗಿ ಇನ್ನೂ ಕೈಗೆ ಬಂದಿಲ್ಲ. ಈ ಹತ್ತನ್ನೇ ಹಿಂದುಮುಂದಾಗಿ ಕೇಳಿ, "56 ಯಾವ ಎರಡರದು?" ಎಂದೂ ಕೇಳಿ. ಭಾಗಾಕಾರಕ್ಕೆ ಬೇಕಾಗುವುದು ಆ ಉಲ್ಟಾ ಪ್ರಶ್ನೆಯೇ.

ಮೂರನೆಯದು ದಶಮಾಂಶ. ಡೇರಿಗೆ ಬೆಳಿಗ್ಗೆ 4.5 ಲೀಟರ್, ಸಂಜೆ 3.75 ಲೀಟರ್ ಹಾಲು ಹಾಕಿದರೆ ಒಟ್ಟು 4.20 ಎಂದಿದ್ದಾಳೆ. ಪೂರ್ಣಸಂಖ್ಯೆಗಳ ಹಾಗೆ ಬಲಗಡೆಗೆ ಒತ್ತಿ ಬರೆದು, 375ಕ್ಕೆ 45 ಕೂಡಿ, ಬಿಂದು ಇಟ್ಟಿದ್ದಾಳೆ. ಬಿಂದುವಿನ ಕೆಳಗೆ ಬಿಂದು, ಖಾಲಿ ಮನೆಗೆ ಸೊನ್ನೆ: 4.50 + 3.75 = 8.25. ಆದರೆ ಅದಕ್ಕೂ ಮುಖ್ಯವಾದದ್ದು, ಬೆಳಗಿನ ಹಾಲೇ ನಾಲ್ಕೂವರೆ ಇರುವಾಗ ಎರಡೂ ಹೊತ್ತಿನದು ಸೇರಿ 4.20 ಆಗುವುದು ಹೇಗೆ ಎಂದು ಅವಳಿಗೆ ಅನಿಸದೇ ಇದ್ದದ್ದು. ದಶಮಾಂಶದ ಪ್ರತಿ ಲೆಕ್ಕಕ್ಕೂ ಪೆನ್ಸಿಲ್ ಎತ್ತುವ ಮುಂಚೆ "ಸುಮಾರು ಎಷ್ಟು ಬರಬಹುದು?" ಎಂದು ಕೇಳಿ, ಅಂದಾಜನ್ನು ಮೂಲೆಯಲ್ಲಿ ಬರೆಸಿ. 3.7 ದೊಡ್ಡದೋ 3.45 ದೊಡ್ಡದೋ ಎಂದು ಒಮ್ಮೆ ಕೇಳಿ ನೋಡಿ. 45 ದೊಡ್ಡದು ಎಂಬ ಉತ್ತರ ಬಂದರೆ ಸ್ಕೇಲಿನ ಮೇಲೆ 3.7 ಸೆಂ.ಮೀ. ತೋರಿಸಿ, 3.45 ಅದರ ಎಡಕ್ಕೆ ಬೀಳುತ್ತದೆ. ರೂಪಾಯಿ ಪೈಸೆಯಿಂದ ಮಾತ್ರ ಕಲಿಸಿದರೆ 5 ರೂಪಾಯಿ 5 ಪೈಸೆಯನ್ನು 5.5 ಎಂದು ಬರೆಯುವ ರೋಗ ಅಂಟಿಕೊಳ್ಳುತ್ತದೆ, ಅದು 5.05.

ಭಿನ್ನರಾಶಿ ಈ ಪುಟಗಳಲ್ಲಿಲ್ಲ. ಎರಡೇ ಪ್ರಶ್ನೆ ಕೊಟ್ಟು ನೋಡಿ. 1/4, 1/8ರಲ್ಲಿ ಯಾವುದು ದೊಡ್ಡದು? 1/2 + 1/3 ಎಷ್ಟು? ಎರಡನೆಯದಕ್ಕೆ 2/5 ಬಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾಳೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬಂದಿದೆ ಎಂದು ತೋರಿಸಿ, ಆಮೇಲೆ 3/6 + 2/6 = 5/6. ಕಾಲು, ಅರ್ಧ, ಮುಕ್ಕಾಲು ಮನೆಮಾತು, ಮುಕ್ಕಾಲು ಕೆ.ಜಿ. 750 ಗ್ರಾಂ ಎನ್ನುವ ಮಗುವಿಗೆ 3/4 ಅಂದರೆ ಅದೇ ಎಂದು ಯಾರಾದರೂ ಹೇಳಿರಬೇಕಷ್ಟೆ. ಗಡಿಯಾರದ ಲೆಕ್ಕವನ್ನೂ ಒಂದು ಕೊಡಿ: 10.40ಕ್ಕೆ ಹೊರಟ ಬಸ್ಸು ಮಧ್ಯಾಹ್ನ 1.15ಕ್ಕೆ ತಲುಪಿದರೆ ಎಷ್ಟು ಹೊತ್ತು? "2 ಗಂಟೆ 75 ನಿಮಿಷ" ಬಂದರೆ ಗಂಟೆಗೆ ನೂರು ನಿಮಿಷ ಎಂದು ಕಳೆದಿದ್ದಾಳೆ. 11ಕ್ಕೆ 20 ನಿಮಿಷ, 1ಕ್ಕೆ 2 ಗಂಟೆ, ಮೇಲೆ 15 ನಿಮಿಷ, ಒಟ್ಟು 2 ಗಂಟೆ 35 ನಿಮಿಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ, ಕಳೆಯುವುದೇ ಬೇಡ.

ನಾಲ್ಕನೆಯದು ಹೇಳಿಕೆ ಲೆಕ್ಕ. ಅಂಕ ಹೆಚ್ಚಾಗಿ ಸೋರುತ್ತಿರುವುದು ಇಲ್ಲೇ. ಪುಟದಲ್ಲಿರುವ ಪ್ರಶ್ನೆ: "ಒಬ್ಬ ರೈತ ಶಿಡ್ಲಘಟ್ಟ ಮಾರುಕಟ್ಟೆಗೆ 84 ಕೆ.ಜಿ. ರೇಷ್ಮೆಗೂಡು ತಂದನು. ಇದು ಅವನ ಪಕ್ಕದವನು ತಂದದ್ದಕ್ಕಿಂತ 16 ಕೆ.ಜಿ. ಹೆಚ್ಚು. ಪಕ್ಕದವನು ತಂದದ್ದೆಷ್ಟು?" ಅವಳ ಉತ್ತರ 100. "ಹೆಚ್ಚು" ಕಂಡಿತು, ಕೂಡಿದಳು. ಯಾರದು ಹೆಚ್ಚು ಎಂದು ನೋಡಲಿಲ್ಲ. "ಒಟ್ಟು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ" ಎಂಬ ಪಟ್ಟಿಯನ್ನು ಮಕ್ಕಳ ಕೈಗೆ ಕೊಡುವುದು ನಮಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಮೂರನೇ ತರಗತಿವರೆಗೆ ಅದು ಅಂಕ ತಂದುಕೊಡುತ್ತದೆ, ಆಮೇಲೆ ಅದೇ ಕಾಲಿಗೆ ತೊಡರುತ್ತದೆ.

ಅದರ ಬದಲು ಅಂಕಿಗಳನ್ನು ಬೆರಳಿನಿಂದ ಮುಚ್ಚಿ ಪ್ರಶ್ನೆ ಓದಿಸಿ, "ಏನಾಯಿತು ಹೇಳು" ಅನ್ನಿ. ತೆಲುಗಿನಲ್ಲಿ ಹೇಳಲಿ, ಅಡ್ಡಿಯಿಲ್ಲ. ನೀವು ಕೇಳಿದ್ದೀರಲ್ಲ, ಗೊಂದಲ ಅದರಿಂದಲ್ಲ. ಚಿಂತಾಮಣಿ, ಮುಳಬಾಗಿಲು, ಪಾವಗಡದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಇದ್ದದ್ದೇ. ಇಪ್ಪತ್ತಮೂರನ್ನೂ ಇರವೈ ಮೂಡನ್ನೂ ಹತ್ತು ಮೊದಲು, ಬಿಡಿ ಆಮೇಲೆ ಎಂದೇ ಹೇಳುತ್ತೇವೆ. ಎಣಿಸುವುದು ಯಾವ ಭಾಷೆಯಲ್ಲಾದರೂ ಎಣಿಸಲಿ. ಕಥೆ ಹೇಳಿದ ಮೇಲೆ "ಯಾರ ಗೂಡು ಜಾಸ್ತಿ?" ಎಂದು ಕೇಳಿ. ಆಮೇಲೆ ಬೆರಳು ತೆಗೆಯಿರಿ.

ಒಂದೇ ಭಾಗಾಕಾರಕ್ಕೆ ಮೂರು ಪ್ರಶ್ನೆ ಕೇಳುವುದೂ ಒಳ್ಳೆಯ ಉಪಾಯ. ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ 15 ಕೆ.ಜಿ. ಲೆಕ್ಕ. 470 ಕೆ.ಜಿ. ಇದ್ದರೆ ಭಾಗಲಬ್ಧ 31, ಶೇಷ 5. ಪೂರ್ತಿ ತುಂಬಿದ ಬಾಕ್ಸ್ ಎಷ್ಟು? 31. ಅಷ್ಟನ್ನೂ ಸಾಗಿಸಲು ಬೇಕಾದ ಬಾಕ್ಸ್? 32. ಕೊನೆಯ ಬಾಕ್ಸ್ ತುಂಬಲು ಇನ್ನೆಷ್ಟು ಹಣ್ಣು ಬೇಕು? 10 ಕೆ.ಜಿ. ಮೂರಕ್ಕೂ "31, ಶೇಷ 5" ಎಂದೇ ಬರೆಯುವ ಮಗುವಿಗೆ ಭಾಗಾಕಾರ ಬರುತ್ತದೆ, ಪ್ರಶ್ನೆ ಓದುವುದು ಬರುವುದಿಲ್ಲ. ಹಾಗೆಯೇ 30 × 40 ಅಡಿ ಸೈಟು: ಸುತ್ತ ಮೂರು ಸುತ್ತು ತಂತಿ ಎಳೆಯಲು 140ರ ಮೂರರಷ್ಟು, 420 ಅಡಿ, ಪೂರ್ತಿ ನೆಲಕ್ಕೆ ಕಲ್ಲು ಹಾಸಲು 1200 ಚದರಡಿ. ಸುತ್ತಳತೆ, ವಿಸ್ತೀರ್ಣ ಎಂಬ ಹೆಸರು ಹೇಳದೇ ಕೇಳಿ.

ಇನ್ನು ದಿನದ ಕ್ರಮ. ಐವತ್ತು ಬೇಡ, ಹನ್ನೆರಡು ಸಾಕು, ಸುಮಾರು 20 ನಿಮಿಷ. ಆ ವಾರ ಹಿಡಿದಿರುವ ತಪ್ಪಿನ ಜಾತಿಯದು ನಾಲ್ಕು, ಹಿಂದೆ ಸರಿಯಾದದ್ದರಿಂದ ನಾಲ್ಕು, ಬಾಯಿಲೆಕ್ಕ ಎರಡು, ಹೇಳಿಕೆ ಲೆಕ್ಕ ಎರಡು. ಎಲ್ಲವನ್ನೂ ಕಲೆಸಿ ಕೊಡಿ. ಪುಟದ ನೆತ್ತಿಯ ಮೇಲೆ "ವ್ಯವಕಲನ" ಎಂದು ಅಚ್ಚಾಗಿದ್ದರೆ ಏನು ಮಾಡಬೇಕೆಂದು ಮಗು ಯೋಚಿಸುವುದೇ ಇಲ್ಲ, ಪುಟದುದ್ದಕ್ಕೂ ಕಳೆಯುತ್ತಾ ಹೋಗುತ್ತದೆ. ನಿಮ್ಮ ಮಗಳು ಪುಸ್ತಕದಲ್ಲಿ ಸರಿ ಮಾಡಿ ಟೆಸ್ಟಿನಲ್ಲಿ ತಪ್ಪುವುದಕ್ಕೆ ಇದೂ ಒಂದು ಕಾರಣ ಇರಬೇಕು. ಮುಗಿದ ಪುಸ್ತಕಗಳನ್ನೇ ಮತ್ತೆ ಬಳಸಿ: ಬೇರೆ ಬೇರೆ ಅಧ್ಯಾಯದಿಂದ ಆರಿಸಿ ಅಂಕಿ ಬದಲಿಸಿ. ಬದಲಿಸುವಾಗ ತೊಡಕು ಬದಲಾಗಬಾರದು. 403 − 167ಕ್ಕೆ ಬದಲಾಗಿ 705 − 328 ಆಗಬಹುದು, 745 − 322 ಆಗದು.

ತಪ್ಪಾದಾಗ ಸರಿಯುತ್ತರ ಬರೆಯಬೇಡಿ. ಯಾವ ಹೆಜ್ಜೆಯಲ್ಲಿ ಜಾರಿದೆಯೋ ಅದಕ್ಕೊಂದು ಸುತ್ತು ಹಾಕಿ, "ಇಲ್ಲೇನು ಮಾಡಿದೆ?" ಎಂದು ಕೇಳಿ. ಸರಿಯಾದ ಲೆಕ್ಕಕ್ಕೂ ಆಗಾಗ ಕೇಳುತ್ತಿರಿ. ಇಲ್ಲದಿದ್ದರೆ ಕೇಳಿದಿರೆಂದರೆ ತಪ್ಪು ಎಂದು ಅವಳು ಕಂಡುಹಿಡಿದು ಸುಮ್ಮನೆ ಉತ್ತರ ತಿದ್ದುತ್ತಾಳೆ. ಒಂದೇ ಜಾತಿಯ ನಾಲ್ಕರಲ್ಲಿ ಒಂದು ತಪ್ಪಿದರೆ ಕೈತಪ್ಪು, ಬಿಡಿ. ಮೂರು ತಪ್ಪಿದರೆ ತಿಳಿವಳಿಕೆಯ ತಪ್ಪು, ಕಡ್ಡಿ ನೋಟು ನಾಣ್ಯಕ್ಕೆ ಹಿಂದಿರುಗಿ. ನಾಲ್ಕೂ ಸರಿಯಾದರೆ ಮರುದಿನ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು ಮತ್ತೆ ಕೊಡಿ. ಮೂರು ಸಲವೂ ಸರಿಯಾದರೆ ಆ ಜಾತಿ ಮುಗಿಯಿತು. ಆ 20 ನಿಮಿಷ ರಬ್ಬರ್ ಕೊಡಬೇಡಿ. ಅಳಿಸಿದ ಹೆಜ್ಜೆಯಲ್ಲೇ ನಿಮಗೆ ಬೇಕಾದ ಸುಳಿವು ಇರುತ್ತದೆ.

ನವೋದಯದ ಪ್ರಶ್ನೆಪತ್ರಿಕೆ 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಅಂಕಗಣಿತದ್ದು 20 ಪ್ರಶ್ನೆ, 25 ಅಂಕ. ತಲಾ ಒಂದೂವರೆ ನಿಮಿಷ ಸಿಗುತ್ತದೆ. ನಾಲ್ಕು ಆಯ್ಕೆಗಳಿರುವುದರಿಂದ ಸುಲಭ ಎಂದು ತಿಳಿಯಬೇಡಿ. 2135 ÷ 7 ಕೇಳಿದರೆ 305ರ ಪಕ್ಕದಲ್ಲೇ 35 ಕೂಡ ಕೂತಿರುತ್ತದೆ, ತನ್ನ ಉತ್ತರ ಅಲ್ಲಿ ಕಂಡಿತಲ್ಲ ಎಂಬ ಧೈರ್ಯದಲ್ಲಿ ಮಗು ಅದನ್ನೇ ಗುರುತಿಸುತ್ತದೆ. ಆದ್ದರಿಂದ ಸದ್ಯಕ್ಕೆ ಆಯ್ಕೆಗಳಿಲ್ಲದೇ ಮಾಡಿಸಿ, ಗಡಿಯಾರವೂ ಬೇಡ. ನಾಲ್ಕು ಜಾತಿಯೂ ತೀರಿದ ಮೇಲೆ ವಾರಕ್ಕೊಂದು ದಿನ 30 ನಿಮಿಷಕ್ಕೆ 20 ಪ್ರಶ್ನೆ ಇಡಿ, ಅಂದಾಜಿನಿಂದಲೇ ಎರಡು ಆಯ್ಕೆ ಹೊಡೆದುಹಾಕುವುದನ್ನು ಆಗ ಕಲಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದೂ ಹೇಳಿ.