ತಲೆಯ ಮೇಲೆ ಮಣ್ಣು ಹೊತ್ತ ಸಾಕ್ಷಿ

ಪತ್ರ: ಸಂಪಾದಕರೇ, ನೆಲದ ರೂಢಿಗಳೇ ನಮ್ಮ ಕಾನೂನಿಗೆ ಬುನಾದಿಯಾಗಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ರೂಢಿ ಎಂದರೆ ಊರ ಗೌಡನ ಮಾತು, ಜಾತಿ ಪಂಚಾಯಿತಿಯ ದಂಡ. ನಮಗೆ ನ್ಯಾಯ ಕಲಿಸಿದವರು ಇಂಗ್ಲಿಷರು. ಹೆಣ್ಣಿಗೆ ಆಸ್ತಿ ಕೊಟ್ಟ ಒಂದು ಸಂಪ್ರದಾಯವನ್ನಾದರೂ ತೋರಿಸಿ. ನಮ್ಮ ದಾಯಾದಿ ದಾವೆ 19 ವರ್ಷದಿಂದ ನಡೆಯುತ್ತಿದೆ. ಆದರೂ ನನ್ನ ನಂಬಿಕೆ ಕೋರ್ಟಿನ ಮೇಲೇ.
— ಒಬ್ಬ ನಿವೃತ್ತ ಶಿಕ್ಷಕ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸುಮ್ಮನೆ ಹೊಗಳುವ ಹತ್ತು ಪತ್ರಗಳಿಗಿಂತ ಇಂಥದೊಂದು ಜಗಳದ ಪತ್ರ ನನಗೆ ಹೆಚ್ಚು. ಜಾತಿ ಪಂಚಾಯಿತಿಗಳ ಬಹಿಷ್ಕಾರ, ದಂಡಗಳ ಬಗ್ಗೆ ನೀವು ಬರೆದದ್ದು ನಿಜ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ಗೂಡು ಎಂದಾಗ ಅದು ಪುಸ್ತಕ ಓದಿ ಆಡಿದ ಮಾತಾಗಿರಲಿಲ್ಲ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ನ್ಯಾಯವನ್ನು ಇಂಗ್ಲಿಷರಿಂದ ಕಲಿತೆವು ಅಂದಿರಲ್ಲ, ಅಲ್ಲಿ ನಿಮ್ಮನ್ನು ಸುಲಭಕ್ಕೆ ಬಿಡಲಾರೆ.

ನಾನು ಏಳೆಂಟು ವರ್ಷದವನಿದ್ದಾಗ ನಮ್ಮೂರಲ್ಲಿ ಎರಡು ಮನೆಗಳ ನಡುವೆ ಬದುವಿನ ಜಗಳ ಎದ್ದಿತು. ಮಳೆಗೆ ಬದು ಕೊಚ್ಚಿಹೋಗಿ ಬಾಂದುಕಲ್ಲು ಕಾಣೆಯಾಗಿತ್ತು. ಊರವರು ಇಬ್ಬರಿಗೂ ನಂಟನಲ್ಲದ ಒಬ್ಬ ಮುದುಕನನ್ನು ಕರೆತಂದರು. ಜೀವಮಾನವೆಲ್ಲ ಆ ಬಯಲಿನಲ್ಲಿ ದನ ಕಾಯ್ದವನು. ಅವನು ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಬಂದು, ಹೊಲದ ಒಂದು ಹೆಂಟೆ ಮಣ್ಣನ್ನು ತಲೆಯ ಮೇಲಿಟ್ಟುಕೊಂಡು ನಡೆಯತೊಡಗಿದ. ಯಾರೂ ತುಟಿ ಬಿಚ್ಚಲಿಲ್ಲ. ಹೆಂಟೆ ಕರಗಿ ಅವನ ಕಿವಿಯ ಹಿಂದಿನಿಂದ ಹೆಗಲಿಗೆ ಇಳಿಯುತ್ತಿತ್ತು. ಹಿಂದೆ ಇಬ್ಬರು ಗುದ್ದಲಿಯಲ್ಲಿ ಗೆರೆ ಕೊರೆಯುತ್ತಾ ಬಂದರು. ಸಂಜೆಯೊಳಗೆ ಕಲ್ಲು ನೆಟ್ಟಾಗಿತ್ತು. ಅವತ್ತು ರಾತ್ರಿ ಅವನಿಗೆ ಊಟಕ್ಕಿಟ್ಟದ್ದು ಮೂರು ಮೊಳ ಜಾಗ ಕಳೆದುಕೊಂಡ ಮನೆಯವರೇ.

ಎಷ್ಟೋ ವರ್ಷಗಳ ಮೇಲೆ ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರದಲ್ಲಿ ಸೀಮಾವಿವಾದದ, ಅಂದರೆ ಗಡಿಜಗಳದ, ಭಾಗ ಓದುವಾಗ ಮೈ ಜುಮ್ಮೆಂದಿತು. ಗಡಿ ತೋರಿಸುವ ಸಾಕ್ಷಿಗಳು ಕೆಂಪು ಬಟ್ಟೆ ಉಟ್ಟು, ಕೆಂಪು ಹೂಮಾಲೆ ಹಾಕಿ, ಮಣ್ಣು ಹೊತ್ತು ಗಡಿಯನ್ನು ತೋರಿಸಬೇಕು ಎಂದು ಅಲ್ಲಿದೆ. ಹೆಬ್ಬೆಟ್ಟು ಒತ್ತುವ ನಮ್ಮೂರ ಮುದುಕ ಆ ಶ್ಲೋಕವನ್ನು ಎಲ್ಲಿ ಓದಿಯಾನು? ಹೊಲದಿಂದಲೇ ಅದು ಗ್ರಂಥಕ್ಕೆ ಹೋಗಿರಬೇಕು ಎಂದು ನಾನು ಅಂದಿನಿಂದ ನಂಬಿದ್ದೇನೆ.

ಆ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನು. ಸುಮಾರು 900 ವರ್ಷಗಳ ಹಿಂದೆ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ಕೂತು ಬರೆದ. ಅವನ ಹೆಸರನ್ನು ಬೀದರಿನ ಹುಡುಗರಿಗೂ ನಾವು ಸರಿಯಾಗಿ ಹೇಳಿಕೊಟ್ಟಿಲ್ಲ ಎಂಬ ಕೊರಗು ನನಗಿದೆ. ಹೆಣ್ಣಿನ ಆಸ್ತಿ ಕೇಳಿದಿರಲ್ಲ, ನೋಡಿ. ಸ್ತ್ರೀಧನ ಎಂದರೆ ತವರಿನ ಉಡುಗೊರೆ ಮಾತ್ರ ಎಂದು ಅವನು ನಿಲ್ಲಿಸಲಿಲ್ಲ. ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿಗೆ ಬಂದದ್ದು ಎಲ್ಲವೂ ಸ್ತ್ರೀಧನವೇ ಎಂದು ಅರ್ಥವನ್ನು ಹಿಗ್ಗಿಸಿದ. ಇದನ್ನು ಒಪ್ಪದೆ, ಗಂಡನಿಂದ ವಾರಸಾಗಿ ಬಂದ ಆಸ್ತಿಯಲ್ಲಿ ವಿಧವೆಗೆ ಇರುವುದು ಜೀವಿತಾವಧಿಯ ಸೀಮಿತ ಹಕ್ಕು ಮಾತ್ರ ಎಂದು ಕಟ್ಟಿಹಾಕಿದ್ದು ಆಗ ನಮ್ಮ ಮೇಲ್ಮನವಿಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್! ಆ ಗಂಟು ಬಿಚ್ಚಿ ಆಕೆಯನ್ನು ಪೂರ್ಣ ಒಡತಿ ಮಾಡಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಬರಬೇಕಾಯಿತು. ತುಳುನಾಡಿನ ಅಳಿಯಸಂತಾನವಂತೂ ನಿಮಗೆ ಗೊತ್ತಿರುವುದೇ. ಅಲ್ಲಿ ಆಸ್ತಿ ಇಳಿಯುತ್ತಿದ್ದುದೇ ಹೆಣ್ಣಿನ ಸಂತತಿಯ ಮೂಲಕ. ಒಂದು ಕೇಳಿದಿರಿ, ಎರಡು ಕೊಟ್ಟಿದ್ದೇನೆ.

ನಾವು ಎಡವಿದ್ದು ಎಲ್ಲಿ ಎಂದರೆ, ಇಂಗ್ಲಿಷರು ನಮ್ಮ ರೂಢಿಯನ್ನು ಗ್ರಂಥದಲ್ಲಿ ಹುಡುಕಲು ಹೊರಟಾಗ ನಾವೂ ಅದನ್ನೇ ಸರಿ ಅಂದುಕೊಂಡದ್ದು. 1772ರಲ್ಲಿ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನು ಎಂದು ಗೆರೆ ಎಳೆದ. ಪಂಡಿತರು ಸಂಸ್ಕೃತದಲ್ಲಿ ಬರೆದುಕೊಟ್ಟದ್ದು ಪಾರ್ಸಿಗೆ ಹೋಗಿ, ಅಲ್ಲಿಂದ ಕಂಪನಿಯ ನೌಕರ ಹಾಲ್‌ಹೆಡ್‌ನ ಕೈಯಲ್ಲಿ ಇಂಗ್ಲಿಷಾಗಿ 1776ರಲ್ಲಿ ಅಚ್ಚಾಯಿತು. ಮೂರು ಭಾಷೆ ದಾಟಿ ಬಂದದ್ದರಲ್ಲಿ ದನ ಕಾಯುವ ಮುದುಕನಿಗೆ ಜಾಗ ಎಲ್ಲಿ? ಸ್ಪಷ್ಟವಾಗಿ ಸಾಬೀತಾದ ರೂಢಿ ಬರೆದ ಶಾಸ್ತ್ರಕ್ಕಿಂತ ಮಿಗಿಲು ಎಂದು 1868ರಲ್ಲಿ ಪ್ರಿವಿ ಕೌನ್ಸಿಲ್ಲೇ ಹೇಳಿತು, ಒಪ್ಪುತ್ತೇನೆ. ಆದರೆ ಸಾಬೀತು ಮಾಡುವ ಹೊರೆ ರೂಢಿ ಇದೆ ಎನ್ನುವವನ ಮೇಲೆ. ಬಡವ ತನ್ನ ಅಜ್ಜ ಮುತ್ತಜ್ಜಂದಿರ ನಡಾವಳಿಗೆ ದಾಖಲೆ ತರುವುದು ಎಲ್ಲಿಂದ?

ರೂಢಿಯನ್ನು ಎತ್ತಿಕೊಳ್ಳುವುದೆಂದರೆ ಅದರ ಕೊಳೆಯನ್ನೂ ಎತ್ತಿಕೊಳ್ಳಬೇಕಿಲ್ಲ. ದಕ್ಷಿಣ ಆಫ್ರಿಕಾ ತನ್ನ 1996ರ ಸಂವಿಧಾನದಲ್ಲಿ ಬುಡಕಟ್ಟುಗಳ ರೂಢಿಗತ ಕಾನೂನನ್ನು ಕೋರ್ಟುಗಳು ಅನ್ವಯಿಸಬೇಕೆಂದು ಬರೆದುಕೊಂಡಿತು; ಅದೇ ಸಂವಿಧಾನದ ಬಲದಿಂದ 2004ರಲ್ಲಿ, ಹಿರಿಯ ಗಂಡಿಗೇ ಆಸ್ತಿ ಎಂಬ ರೂಢಿಯನ್ನು ಕಿತ್ತುಹಾಕಿತು. ಕಳೆ ಕೀಳುವವನು ಹೊಲಕ್ಕೆ ಬೆಂಕಿ ಇಡುವುದಿಲ್ಲ. ನ್ಯೂಜಿಲೆಂಡ್ 2017ರಲ್ಲಿ ಅಲ್ಲಿನ ಮೂಲನಿವಾಸಿ ಮಾವೊರಿಗಳು ಪೂರ್ವಜರೆಂದು ಕಾಣುವ ವಾಂಗನುಯಿ ನದಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟಿತು. ನಮ್ಮಲ್ಲೂ 2013ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದ ಗಣಿಗಾರಿಕೆಯ ವಿಷಯವನ್ನು ಸುಪ್ರೀಂ ಕೋರ್ಟು ಗ್ರಾಮಸಭೆಗಳ ಮುಂದಿಟ್ಟಿತು. 12 ಗ್ರಾಮಸಭೆಗಳೂ ಬೆಟ್ಟ ನಮ್ಮ ದೇವರು, ಕೊಡುವುದಿಲ್ಲ ಎಂದವು. ಮೇಷ್ಟ್ರೇ, ಅದೂ ಹಳ್ಳಿಯೇ ಅಲ್ಲವೇ?

ಇನ್ನು ನನ್ನ ಹಳೆಯ ಸಂಕಟಕ್ಕೆ ಬರುತ್ತೇನೆ, ಓದುಗರು ಸಹಿಸಿಕೊಳ್ಳಬೇಕು. ನಮ್ಮದಲ್ಲದ್ದು ಕಾನೂನು ಮಾತ್ರವಲ್ಲ, ಅದರ ನಾಲಿಗೆಯೂ ನಮ್ಮದಲ್ಲ. ಸಂವಿಧಾನದ 348ನೇ ವಿಧಿಯಡಿ ಹೈಕೋರ್ಟಿನ ಭಾಷೆ ಇಂಗ್ಲಿಷು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಿಗೆ ಹಿಂದಿ ಬಳಸಲು ಒಪ್ಪಿಗೆ ಸಿಕ್ಕಿದೆ. ಕನ್ನಡಕ್ಕೆ ಇನ್ನೂ ಇಲ್ಲ. ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಜಾಗವಿದ್ದರೂ ತೀರ್ಪು ಇಂಗ್ಲಿಷಿನಲ್ಲಿ ಕೈಸೇರುವುದು ಇಂದಿಗೂ ಅಪರೂಪವಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕೋರ್ಟಿನ ಪಡಸಾಲೆಯಲ್ಲಿ ನಿಂತಿದ್ದೆ. ಒಬ್ಬ ಅಜ್ಜಿ ಸೆರಗಿನಲ್ಲಿ ಸುತ್ತಿದ ಕಾಗದದ ಕಟ್ಟು ತೆಗೆದು, "ಓದಿ ಹೇಳಪ್ಪಾ, ಗೆದ್ನೋ ಸೋತ್ನೋ" ಅಂದಳು. ಹನ್ನೊಂದು ಪುಟದ ಇಂಗ್ಲಿಷು. ಕೊನೆಯ ಹಾಳೆ ನೋಡಿ, ಗೆದ್ದಿದ್ದೀರಿ ತಾಯಿ ಅಂದೆ. ಆಕೆಗೆ ಅಷ್ಟು ಸಾಲದು. "ಯಾವ ಹೊಲ? ಹುಣಸೆಮರದ್ದೋ, ಕೆರೆ ಕಡೇದೋ?" ನಾನು ಸರ್ವೆ ನಂಬರು ಓದಿದೆ. ಮತ್ತೆ ಅದನ್ನೇ ಕೇಳಿದಳು. ಹನ್ನೊಂದೂ ಪುಟ ತಿರುವಿದೆ, ಹುಣಸೆಮರ ಎಲ್ಲೂ ಸಿಗಲಿಲ್ಲ.

ನಿಮ್ಮ 19 ವರ್ಷದ ದಾವೆಯ ಕಟ್ಟನ್ನೂ ಒಮ್ಮೆ ಬಿಚ್ಚಿ ನೋಡಿ ಮೇಷ್ಟ್ರೇ. ಆ ಹೊಲವನ್ನು ನಿಮ್ಮ ಮನೆಯವರು ಕರೆಯುವ ಹೆಸರು ಅದರಲ್ಲಿ ಎಲ್ಲಾದರೂ ಕಂಡರೆ ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಈ ಜಾಗ ನಿಮ್ಮದೇ.