ಪ್ಲಾನೂ ಅವರದೇ, ಕಟ್ಟೋದೂ ಅವರೇ: ಒಪ್ಪಬಹುದಾ?

ಪ್ರಶ್ನೆ: ನಮ್ಮ ಸಂಘಕ್ಕೆ ಮೂರು ಮಹಡಿಯ ಕಟ್ಟಡ ಕಟ್ಟಿಸಬೇಕು. ಆರ್ಕಿಟೆಕ್ಟ್ ಒಬ್ಬ, ಕಂಟ್ರಾಕ್ಟರ್ ಒಬ್ಬ ಯಾಕೆ, ಡಿಸೈನ್-ಬಿಲ್ಡ್ ಮಾಡಿಸಿ, ಎರಡನ್ನೂ ನಾವೇ ನೋಡಿಕೊಳ್ತೇವೆ, ಬೇಗ ಮುಗಿಯುತ್ತೆ ಅಂತ ಒಂದು ಕಂಪನಿ ಹೇಳುತ್ತಿದೆ. ಕಮಿಟಿಯಲ್ಲಿ ಅರ್ಧ ಜನ ಸೈ ಅಂತಾರೆ, ಇನ್ನರ್ಧ ಜನ ಕುರಿ ಕಾಯೋಕೆ ತೋಳ ಇಟ್ಟ ಹಾಗೆ ಅಂತಾರೆ. ಏನು ಮಾಡೋಣ?

ಉತ್ತರ: ಬೇಗ ಮುಗಿಯುತ್ತೆ ಅನ್ನೋದು ಸುಳ್ಳಲ್ಲ. ಹಳೇ ಪದ್ಧತಿಯಲ್ಲಿ ಡ್ರಾಯಿಂಗ್ ಪೂರ್ತಿ ಮುಗಿಯಬೇಕು, ಟೆಂಡರ್ ಕರೆಯಬೇಕು, ಆಮೇಲೆ ಗುದ್ದಲಿ ಬೀಳಬೇಕು. ಇಲ್ಲಿ ಮೇಲಿನ ಮಹಡಿಯ ಡ್ರಾಯಿಂಗ್ ಇನ್ನೂ ಬರೆಯುತ್ತಿರುವಾಗಲೇ ಕೆಳಗೆ ಪಾಯದ ಕೆಲಸ ನಡೆದಿರುತ್ತೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರಂದು ಹೆದ್ದಾರಿ ಸೇತುವೆ ಕುಸಿದು 13 ಜನ ಸತ್ತರಲ್ಲ, ಅದೇ ಜಾಗದಲ್ಲಿ ಹೀಗೆ ಕಟ್ಟಿಸಿದ ಹೊಸ ಸೇತುವೆ 2008ರ ಸೆಪ್ಟೆಂಬರ್‌ನಲ್ಲೇ ಓಡಾಟಕ್ಕೆ ತೆರೆಯಿತು.

ನನಗೆ ಇದಕ್ಕಿಂತ ದೊಡ್ಡ ಲಾಭ ಅನ್ನಿಸೋದು ಬೇರೆ. ಎಸಿ ಪೈಪ್ ಹೋಗಬೇಕಾದ ಕಡೆ ತೊಲೆ ಅಡ್ಡ ಬಂತು ಅಂತಿಟ್ಟುಕೊಳ್ಳಿ. ಇಬ್ಬರಿದ್ದರೆ ಆರ್ಕಿಟೆಕ್ಟ್ ಕಂಟ್ರಾಕ್ಟರ್ ಕಡೆ ಬೆರಳು ತೋರಿಸ್ತಾನೆ, ಅವನು ಡ್ರಾಯಿಂಗ್ ತೋರಿಸ್ತಾನೆ, ಡ್ರಾಯಿಂಗ್ ಕೊಟ್ಟಿದ್ದು ನೀವೇ ಆದ್ದರಿಂದ ಕೊನೆಗೆ ಎಕ್ಸ್‌ಟ್ರಾ ಬಿಲ್ ಬರೋದು ನಿಮ್ಮ ಹತ್ತಿರಕ್ಕೆ. ಡಿಸೈನ್-ಬಿಲ್ಡ್‌ನಲ್ಲಿ ಆ ತಪ್ಪು ಅವರ ಮನೆಯ ಜಗಳ.

ಆದರೆ ತೋಳದ ಮಾತೂ ಸುಮ್ನೆ ಅಲ್ಲ. ಮೊದಲು ಆರ್ಕಿಟೆಕ್ಟ್ ನಿಮ್ಮ ಪರವಾಗಿ ಸೈಟಿಗೆ ಹೋಗಿ ಕೆಲಸ ಸರಿಯಿಲ್ಲ ಅಂತ ಗದರುತ್ತಿದ್ದ. ಈಗ ಅವನಿಗೆ ಸಂಬಳ ಕೊಡೋನೇ ಕಂಟ್ರಾಕ್ಟರ್. ಗದರೋದು ಯಾರನ್ನ? ಜೊತೆಗೆ, ಡ್ರಾಯಿಂಗ್ ಮುಗಿಯೋ ಮೊದಲೇ ಒಟ್ಟು ಮೊತ್ತಕ್ಕೆ ಸಹಿ ಆಗಿರುತ್ತೆ, ಹಾಗಾಗಿ ನೀವು ಬರೆದು ಕೊಡದೇ ಇದ್ದದ್ದೆಲ್ಲ ಅಗ್ಗದ್ದೇ ಬರುತ್ತೆ ಅಂತ ಲೆಕ್ಕ ಹಾಕಿ. 'ಒಳ್ಳೆ ಕಿಟಕಿ' ಅಂತ ಬರೆದರೆ ತೆಗೆದು ಮುಚ್ಚೋಕೆ ಬರೋ ಯಾವ ಕಿಟಕಿಯೂ ಒಳ್ಳೇದೇ. ಚೌಕಟ್ಟು ಯಾವುದರದ್ದು, ಗಾಜು ಎಷ್ಟು ಮಿಲಿಮೀಟರ್, ಸೊಳ್ಳೆ ಜಾಲರಿ ಉಂಟೋ ಇಲ್ವೋ, ಮಳೆ ಹೊಡೆದರೆ ನೀರು ಒಳಗೆ ಬರಬಾರದು, ಬಂದರೆ ಎಷ್ಟು ವರ್ಷದ ತನಕ ಅವರೇ ಸರಿಮಾಡಬೇಕು, ಇಷ್ಟೂ ಕಾಗದದಲ್ಲಿರಲಿ. ಇದು ಬೇಜಾರಿನ ಕೆಲಸ, ನಿಜ. ಆದರೆ ನಿಮ್ಮ ಕೈಯಲ್ಲಿ ಹಿಡಿತ ಉಳಿಯೋದು ಇಲ್ಲೇ.

ಕಂಪನಿಗೆ ಸಂಬಂಧವಿಲ್ಲದ ಒಬ್ಬ ಎಂಜಿನಿಯರ್‌ನ ನೀವೇ ಫೀಸ್ ಕೊಟ್ಟು ಇಟ್ಟುಕೊಳ್ಳಿ. ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಹಾಕೋ ಮೊದಲು ಅವರು ನೋಡಿ ಹೂಂ ಅನ್ನಬೇಕು, ಇಲ್ಲದಿದ್ದರೆ ಆ ಕಂತಿನ ದುಡ್ಡು ಇಲ್ಲ ಅಂತ ಒಪ್ಪಂದದಲ್ಲೇ ಹಾಕಿಸಿ. ಇನ್ನೊಂದು ದಾರಿಯೂ ಇದೆ: ಮೊದಲು ಡಿಸೈನ್‌ಗೆ ಮಾತ್ರ ಸಹಿ, ಅದು ಒಂದು ಹದಕ್ಕೆ ಬಂದ ಮೇಲೆ ಕಟ್ಟೋ ರೇಟು. ರೇಟು ಜಾಸ್ತಿ ಅನ್ನಿಸಿದರೆ ಡ್ರಾಯಿಂಗ್ ಇಟ್ಟುಕೊಂಡು ಹೊರಗೆ ಬರೋ ಹಕ್ಕು ನಿಮಗಿರಬೇಕು, ಅದನ್ನೂ ಬರೆಸಿ.

ಕಮಿಟಿಯಲ್ಲಿ ಸಭಾಂಗಣ ಕೆಳಗಿರಲಿ, ಮೇಲಿರಲಿ ಅಂತ ಇನ್ನೂ ವಾದ ನಡೀತಿದ್ರೆ ಮಾತ್ರ ಈಗಲೇ ಸಹಿ ಹಾಕಬೇಡಿ. ಸಹಿ ಆದ ಮೇಲೆ ಮನಸ್ಸು ಬದಲಾಯಿಸಿದರೆ ಅದರ ಬಿಲ್ ಪೂರ್ತಿ ನಿಮ್ಮದೇ.